ಟೆಲಿಸ್ಕೋಪ್‌ಗೆ ಬ್ಯಾಟರಿ: ಕೊಳ್ಳುವ ಮುನ್ನ ಲೆಕ್ಕ ಹಾಕಿ

ದುಬೈಯಿಂದ ರಜೆಗೆ ಹೊರಟಿದ್ದ ಭಾವ, ಮಗನಿಗೆಂದು ಒಂದು ಪವರ್ ಸ್ಟೇಷನ್ ಖರೀದಿಸಿದ್ದರು. 300 ವ್ಯಾಟ್-ಅವರ್‌ನ ಬ್ಯಾಟರಿ ಪೆಟ್ಟಿಗೆ. ಚೆಕ್-ಇನ್ ಕೌಂಟರ್‌ನಲ್ಲೇ ಅದಕ್ಕೆ ತಡೆ ಬಿತ್ತು. ಲಗೇಜಿನಲ್ಲೂ ಇಲ್ಲ, ಕೈಚೀಲದಲ್ಲೂ ಇಲ್ಲ ಎಂದರು. ಬೀಳ್ಕೊಡಲು ಬಂದಿದ್ದ ಗೆಳೆಯನ ಕೈಗೆ ಅದನ್ನು ಕೊಟ್ಟು ಭಾವ ವಿಮಾನ ಹತ್ತಿದರು. ಇತ್ತ ಮನೆಯಲ್ಲಿ ಪಿಯುಸಿ ಓದುವ ಅಳಿಯನದ್ದು ಸಪ್ಪೆ ಮೋರೆ. "ಮಾಮ, ಇನ್ನು ಎಂತ ಮಾಡುವುದು?"

ನಿಯಮ ಸ್ಪಷ್ಟ ಉಂಟು. 100 ವ್ಯಾಟ್-ಅವರ್‌ವರೆಗಿನ ಪವರ್ ಬ್ಯಾಂಕ್ ಕೈಚೀಲದಲ್ಲಿ ತರಬಹುದು. 100ರಿಂದ 160ರವರೆಗೆ ವಿಮಾನ ಕಂಪೆನಿಯ ಒಪ್ಪಿಗೆ ಬೇಕು. ಅದಕ್ಕಿಂತ ದೊಡ್ಡದನ್ನು ಪ್ರಯಾಣಿಕರು ತರುವಂತಿಲ್ಲ. ಗಲ್ಫ್‌ನಿಂದ ತರುವವರು ದುಡ್ಡು ಕೊಡುವ ಮೊದಲು ಪೆಟ್ಟಿಗೆಯ ಹಿಂಬದಿಯಲ್ಲಿರುವ 'ವ್ಯಾಟ್-ಅವರ್' ಸಂಖ್ಯೆ ನೋಡಿಕೊಳ್ಳಬೇಕು.

ಅಷ್ಟಕ್ಕೂ ಟೆಲಿಸ್ಕೋಪ್‌ಗೆ ಕರೆಂಟ್ ಯಾಕೆ? ಕೈಯಿಂದ ತಿರುಗಿಸುವ ಸಾದಾ ಟೆಲಿಸ್ಕೋಪ್‌ಗೆ ಬೇಡ. ಆದರೆ ತಾನಾಗಿ ಗ್ರಹ, ನಕ್ಷತ್ರ ಹುಡುಕಿಕೊಂಡು ಹೋಗುವ ಮೋಟಾರಿನ ಸ್ಟ್ಯಾಂಡ್ ಇದ್ದರೆ 12 ವೋಲ್ಟ್ ಬೇಕೇ ಬೇಕು. ಅಳಿಯನ ಟೆಲಿಸ್ಕೋಪಿಗೆ ಎಂಟು ಪೆನ್ ಸೆಲ್ ಹಾಕುವ ಜಾಗ ಉಂಟು. ಅದನ್ನೇ ನಂಬಿ ಒಮ್ಮೆ ಚಾರ್ಮಾಡಿ ಕಡೆಯ ಕತ್ತಲಿಗೆ ಹೋಗಿದ್ದೆವು. ಒಂದು ಗಂಟೆ ಕಳೆಯುವಷ್ಟರಲ್ಲಿ ಸೆಲ್ ಸೋತಿತು, ಸ್ಟ್ಯಾಂಡ್ ನಿಂತಿತು. ಹೊಸ ಸೆಲ್ ಹಾಕಿದರೆ ಅದಕ್ಕೆ ದಿಕ್ಕೇ ಮರೆತುಹೋಗಿತ್ತು. ನಕ್ಷತ್ರ ತೋರಿಸಿ ಎಲ್ಲವನ್ನೂ ಮೊದಲಿನಿಂದ ಹೊಂದಿಸಬೇಕಾಯಿತು.

ಬ್ಯಾಟರಿ ಆರಿಸುವ ಮುಂಚೆ ಒಂದು ಕಾಗದ ತೆಗೆದುಕೊಳ್ಳಿ. ಸ್ಟ್ಯಾಂಡ್ ಸರಾಸರಿ 1 ಆಂಪಿಯರ್ ಎಳೆಯುತ್ತದೆ ಎನ್ನಿ. 12 ವೋಲ್ಟ್‌ಗೆ ಅದು 12 ವ್ಯಾಟ್, ನಾಲ್ಕು ಗಂಟೆಗೆ 48 ವ್ಯಾಟ್-ಅವರ್. ನಮ್ಮ ಊರಿನ ಹವೆಯಲ್ಲಿ ಲೆನ್ಸ್ ಮೇಲೆ ಮಂಜು ಕೂತುಬಿಡುತ್ತದೆ. ಅದನ್ನು ತಡೆಯುವ ಹೀಟರ್ ಪಟ್ಟಿ 10 ವ್ಯಾಟಿನದ್ದಾದರೆ ಇನ್ನೊಂದು 40. ಫೋನ್ ಚಾರ್ಜ್ ಇತ್ಯಾದಿಗೆ 12. ಒಟ್ಟು 100. ಇದರ ಮೇಲೆ ಅರ್ಧದಷ್ಟು ಹೆಚ್ಚಿಗೆ ಇಟ್ಟುಕೊಂಡರೆ 150 ಸಾಕು. ಫೋಟೊ ತೆಗೆಯಲು ಲ್ಯಾಪ್‌ಟಾಪ್ ಕೂಡ ಬೇಕೆಂದರೆ ಲೆಕ್ಕ 300 ದಾಟುತ್ತದೆ.

ಈಗ ಅಂಗಡಿಗೆ ಹೋಗೋಣ.

ಯುಪಿಎಸ್‌ನಲ್ಲಿ ಬರುವ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿ ಅಗ್ಗ. ಗುಣಿಸಿದರೆ 84 ವ್ಯಾಟ್-ಅವರ್. ಆದರೆ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಿದರೆ ಅದು ಬೇಗ ಹಾಳು. ಹಾಗಾಗಿ ಕೈಗೆ ಸಿಗುವುದು 42 ಮಾತ್ರ. ದೊಡ್ಡದು ತೆಗೆದುಕೊಂಡರೆ ಭಾರ ಹೊರಬೇಕು.

ಪವರ್ ಬ್ಯಾಂಕಿನಲ್ಲಿ 20,000 ಎಂಎಎಚ್ ಎಂದು ಬರೆದಿರುತ್ತದೆ. ಅದು ಒಳಗಿನ 3.7 ವೋಲ್ಟ್ ಸೆಲ್‌ನ ಲೆಕ್ಕ. ಅಸಲಿಗೆ 74 ವ್ಯಾಟ್-ಅವರ್. 12 ವೋಲ್ಟ್ ಔಟ್‌ಪುಟ್ ಇಲ್ಲದ್ದು ಈ ಕೆಲಸಕ್ಕೆ ಆಗದು. ಕೆಲವು ಪವರ್ ಬ್ಯಾಂಕ್‌ಗಳು ಕಡಿಮೆ ಕರೆಂಟ್ ಎಳೆದರೆ ತಾವಾಗಿಯೇ ಆಫ್ ಆಗಿಬಿಡುತ್ತವೆ, ಅದನ್ನೂ ಕೇಳಿ ನೋಡಿ.

ಮೂರನೆಯದು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. ಬೆಲೆ ಜಾಸ್ತಿ. ಆದರೆ ಹಗುರ, ಬಹುಪಾಲು ಖಾಲಿ ಮಾಡಿದರೂ ತೊಂದರೆ ಇಲ್ಲ, ಸಾವಿರಾರು ಸಲ ಚಾರ್ಜ್ ಮಾಡಬಹುದು. 12.8 ವೋಲ್ಟ್, 20 ಆಂಪಿಯರ್-ಅವರ್‌ನದ್ದರಲ್ಲಿ 256 ವ್ಯಾಟ್-ಅವರ್ ಇರುತ್ತದೆ. ಪವರ್ ಸ್ಟೇಷನ್‌ಗಳಲ್ಲೂ ಈ ಸೆಲ್ ಇರುವುದನ್ನೇ ಕೇಳಿ ಪಡೆಯಿರಿ. ಆದರೆ ಅದರ 230 ವೋಲ್ಟ್ ಪ್ಲಗ್‌ಗೆ ಅಡಾಪ್ಟರ್ ಹಾಕಿ ಟೆಲಿಸ್ಕೋಪ್ ಓಡಿಸಬೇಡಿ. 12 ವೋಲ್ಟನ್ನು 230 ಮಾಡಿ ಮತ್ತೆ 12ಕ್ಕೆ ಇಳಿಸುವುದರಲ್ಲಿ ಚಾರ್ಜ್ ಸುಮ್ಮನೆ ಪೋಲಾಗುತ್ತದೆ. ನೇರ 12 ವೋಲ್ಟ್ ಔಟ್‌ಪುಟ್ ಬಳಸಿ.

"ಕಾರಿನ ಬ್ಯಾಟರಿ ಉಂಟಲ್ಲ ಮಾಮ?" ಅಂದ ಅಳಿಯ. ಉಂಟು. ಆದರೆ ಮಧ್ಯರಾತ್ರಿ ಘಾಟಿಯಲ್ಲಿ ಕಾರು ಸ್ಟಾರ್ಟ್ ಆಗದಿದ್ದರೆ ಮಕ್ಕಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುವುದು?

ಇನ್ನು ಕೆಲವು ಎಚ್ಚರಿಕೆಗಳು. ಪ್ಲಸ್, ಮೈನಸ್ ಅದಲುಬದಲಾದರೆ ಒಳಗಿನ ಬೋರ್ಡ್ ಸುಡಬಹುದು. ಪ್ಲಗ್‌ನ ನಡುವಿನ ತುದಿ ಪ್ಲಸ್ಸೋ ಮೈನಸ್ಸೋ ಎಂದು ಕೈಪಿಡಿ ನೋಡಿಯೇ ಚುಚ್ಚಿ. ಗರಿಷ್ಠ ಎಷ್ಟು ವೋಲ್ಟ್ ತಡೆಯುತ್ತದೆ ಎಂಬುದೂ ಅದರಲ್ಲಿರುತ್ತದೆ. ಬ್ಯಾಟರಿಯ ಹತ್ತಿರವೇ ಫ್ಯೂಸ್ ಇರಲಿ. ವಯರ್ ಗಿಡ್ಡ, ದಪ್ಪ ಇರಲಿ. ತೆಳು ವಯರಿನಲ್ಲಿ ವೋಲ್ಟೇಜ್ ಬಿದ್ದು ಮೋಟಾರ್ ತಡವರಿಸುತ್ತದೆ. ಲಿಥಿಯಂಗೆ ಅದರದ್ದೇ ಚಾರ್ಜರ್ ಬೇಕು, ಮನೆಯ ಇನ್ವರ್ಟರಿನದ್ದು ಬೇಡ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬ್ಯಾಟರಿ ಬಿಟ್ಟು ಹೋಗಬೇಡಿ.

ಕೊನೆಗೆ ಮಂಗಳೂರಿನಲ್ಲೇ 20 ಆಂಪಿಯರ್-ಅವರ್‌ನ ಲಿಥಿಯಂ ಬ್ಯಾಟರಿ, ಚಾರ್ಜರ್, ಫ್ಯೂಸ್ ಹಾಕಿದ ವಯರ್ ತೆಗೆದುಕೊಂಡೆವು. ಜನವರಿಯ ಒಂದು ರಾತ್ರಿ ಇಶಾ ಕಳೆದ ಮೇಲೆ ಬೆಳ್ತಂಗಡಿ ಕಡೆಯ ತೋಟದ ಮನೆಯ ಅಂಗಳದಲ್ಲಿ ಟೆಲಿಸ್ಕೋಪ್ ನಿಲ್ಲಿಸಿದೆವು. ಭಾವನೂ ಇದ್ದರು. ಒಂದು ಗಂಟೆಯವರೆಗೂ ಸ್ಟ್ಯಾಂಡ್ ನಿಲ್ಲಲಿಲ್ಲ. ಕುರ್ಚಿಯಲ್ಲಿ ಕೂತು ಓರಿಯನ್ ನೀಹಾರಿಕೆ ನೋಡಿದ ಉಮ್ಮ, ಇದು ಎಷ್ಟು ದೂರ ಎಂದು ಕೇಳಿದರು. ಅಲ್ಲಿಂದ ಬೆಳಕು ಬರಲು ಸುಮಾರು 1,300 ವರ್ಷ ಬೇಕು ಎಂದ ಮೊಮ್ಮಗ. ಉಮ್ಮ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಇನ್ನೊಂದು ಸಲ ತೋರಿಸು" ಅಂದರು.