ಮನೆ ಬದಲಾದಾಗ ನಡಿಗೆ ನಿಲ್ಲದಿರಲಿ



ನೆರಳು ಹೆಚ್ಚುಕಡಮೆಯಾದರೆ ಕಾಫಿ ಗಿಡದ ರೀತಿಯೇ ಬದಲಾಗುವುದನ್ನು ನಾವೆಲ್ಲ ಬಲ್ಲೆವು. ಮನೆಯಲ್ಲಿ ಜನ ಹೆಚ್ಚುಕಡಮೆಯಾದಾಗ ನಮ್ಮ ದೇಹದ ರೂಢಿಯೂ ಹಾಗೆಯೇ ಬದಲಾಗುತ್ತದೆ. ಅದನ್ನು ಮಾತ್ರ ನಾವು ಗಮನಿಸುವುದಿಲ್ಲ.

ಬೇರೆ ದೇಶಗಳಲ್ಲಿ ಇದನ್ನು ವರ್ಷಗಟ್ಟಲೆ ಗಮನಿಸಿದವರಿದ್ದಾರೆ. ಆಸ್ಟ್ರೇಲಿಯಾದಲ್ಲಿ 1996ರಲ್ಲಿ 18ರಿಂದ 23 ವಯಸ್ಸಿನವರಾಗಿದ್ದ ಯುವತಿಯರನ್ನು ನಾಲ್ಕು ವರ್ಷಗಳ ತರುವಾಯ ಮತ್ತೆ ವಿಚಾರಿಸಿದರು. ಮದುವೆಯಾದವರಲ್ಲಿ ಮತ್ತು ತಾಯಂದಿರಾದವರಲ್ಲಿ ವ್ಯಾಯಾಮವಿಲ್ಲದವರ ಪ್ರಮಾಣ ಹೆಚ್ಚಾಗಿತ್ತು. ಅಮೆರಿಕದ ಡಲ್ಲಾಸ್ ನಗರದ ಕೇಂದ್ರವೊಂದರ ದಾಖಲೆಗಳಿಂದ 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮದುವೆಯಾದ ಹೆಂಗಸರ ದಮ್ಮು ಒಂಟಿಯಾಗಿ ಉಳಿದವರಿಗಿಂತ ಕುಗ್ಗಿತ್ತು. ವಿಚ್ಛೇದನ ಪಡೆದ ಗಂಡಸರ ದಮ್ಮು ಏರಿತ್ತು, ಮರುಮದುವೆಯಾದವರದು ಇಳಿದಿತ್ತು. ಆದರೆ ಕ್ಯಾಲಿಫೋರ್ನಿಯಾದಲ್ಲಿ ಹತ್ತು ವರ್ಷ ನಡೆದು 1998ರಲ್ಲಿ ಪ್ರಕಟವಾದ ಅಧ್ಯಯನವು, ಒಂಟಿಯಾಗಿದ್ದವರು ಮದುವೆಯಾದಾಗ ಅವರ ಚಟುವಟಿಕೆ ಹೆಚ್ಚಿತೆಂದು ತಿಳಿಸಿತು.

ಆದುದರಿಂದ ಮದುವೆಯನ್ನು ದೂರಿ ಫಲವಿಲ್ಲ. ದಿನಚರಿ ಬದಲಾದಾಗ ವ್ಯಾಯಾಮ ಸುಲಭವಾಗಿ ಕೈಜಾರುತ್ತದೆ, ಜೊತೆ ಸಿಕ್ಕರೆ ಉಳಿಯುತ್ತದೆ ಎಂಬುದೇ ನಮಗೆ ತೋರುವ ಸಾರ.

ತೋಟದ ಕೆಲಸವೇ ವ್ಯಾಯಾಮವಲ್ಲವೇ ಎಂದು ಕೇಳುವವರಿದ್ದಾರೆ. ಸೊಪ್ಪಿನ ಹೊರೆ ಹೊತ್ತು ಗುಡ್ಡ ಹತ್ತುವವರಿಗೆ ಆ ಮಾತು ಸರಿ. ಆದರೆ ಕೊಯ್ಲು, ಕಪಾತು, ಸುಲಿತಗಳನ್ನೆಲ್ಲ ಆಳುಗಳಿಗೆ ಬಿಟ್ಟು ಬೈಕಿನಲ್ಲಿ ಗೇಟಿನವರೆಗೆ ಹೋಗಿ ಬರುವವರಿಗೆ ಸಲ್ಲದು. ತೌರಿನಲ್ಲಿ ದಿನವೂ ಎರಡು ಮೈಲಿ ನಡೆದು ಕಾಲೇಜಿಗೆ ಹೋಗುತ್ತಿದ್ದ ಹುಡುಗಿ ಸೊಸೆಯಾಗಿ ಬಂದ ಮೇಲೆ ಅಡಿಗೆಮನೆ ಬಿಟ್ಟು ಅಂಗಳ ದಾಟುವುದೇ ಅಪರೂಪ. ಅವಳಿಗೆ ದಣಿವಿದೆ, ನಡಿಗೆ ಇಲ್ಲ. ಹೆಂಡತಿಯನ್ನು ಕಳೆದುಕೊಂಡ ಹಿರಿಯರು ಸಂಜೆ ತೋಟಕ್ಕೆ ಇಳಿಯುವುದನ್ನೇ ಬಿಟ್ಟು ಜಗಲಿಯಲ್ಲಿ ಕೂರುವುದನ್ನು ನಮ್ಮ ನೆರೆಯಲ್ಲೇ ಕಂಡಿದ್ದೇವೆ. ಆರು ತಿಂಗಳಲ್ಲಿ ಅವರಿಗೆ ಮೆಟ್ಟಿಲೂ ಭಾರವಾಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೇಳಿದಂತೆ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಬಿರುಸು ನಡಿಗೆಯಂತಹ ಚಟುವಟಿಕೆ ಬೇಕು. ಅಂದರೆ ವಾರದಲ್ಲಿ ಐದು ದಿನ, ದಿನಕ್ಕೆ ಅರ್ಧ ಗಂಟೆ. 65 ದಾಟಿದವರು ಬೀಳದಂತೆ ದೇಹದ ಸಮತೋಲನ ಕಾಯುವ ಅಭ್ಯಾಸವನ್ನೂ ವಾರಕ್ಕೆ ಮೂರು ದಿನ ಮಾಡಬೇಕು.

ಇದಕ್ಕೆ ಖರ್ಚಿಲ್ಲ. ಹೊಸ ದಂಪತಿಗಳು ಸಂಜೆ ಒಟ್ಟಿಗೆ ಬೇಲಿಯುದ್ದಕ್ಕೂ ಒಂದು ಸುತ್ತು ಬರಲಿ. ಮಗುವನ್ನು ಅರ್ಧ ಗಂಟೆ ಅಜ್ಜಿಯೋ ಅಜ್ಜನೋ ನೋಡಿಕೊಳ್ಳಲಿ. ಒಂಟಿಯಾದ ಹಿರಿಯರ ಮನೆ ಮುಂದೆ ಹಾಯುವಾಗ, "ಬನ್ನಿ, ಫಸಲು ನೋಡಿ ಬರೋಣ" ಎಂದು ನಾವೇ ಕರೆಯೋಣ. ಮೊದಲ ದಿನ ಬಾರದಿದ್ದರೆ ಮರುದಿನವೂ ಕರೆಯೋಣ.