ಕಬ್ಬಿಣ ಕೊಟ್ಟರೂ ಕಬ್ಬು ಬಿಳುಚಿದ್ದೇಕೆ?

ನಮ್ಮ ಪಾಲಬಾವಿಯದು ಎರೆ ಭೂಮಿ, ಸುಣ್ಣದ ಹರಳು ಬೇರೆ. ಹೋದ ವರ್ಷ ಒಂದೆಕರೆ ಕೂಳೆ ಕಬ್ಬಿನ ಸುಳಿ ಎಲೆಗಳು ಬೆಳ್ಳಗಾದವು. ಹಳೇ ಎಲೆ ಹಸಿರಾಗೇ ಇದ್ದವು. ಇದು ಕಬ್ಬಿಣದ ಕೊರತೆ ಅಂತ 'ಚಿಲೇಟೆಡ್ ಐರನ್' ತಂದು ಡ್ರಿಪ್‌ನಲ್ಲಿ ಬಿಟ್ಟೆ. ಹದಿನೈದು ದಿನ ಕಾದರೂ ಬಣ್ಣ ತಿರುಗಲಿಲ್ಲ. ರೊಕ್ಕ ಹೋಯಿತು.

ಪೊಟ್ಟಣ ಓದಿದೆ: ಇಡಿಟಿಎ, ಕಬ್ಬಿಣ 12%. ಮಣ್ಣು ಪರೀಕ್ಷೆಯಲ್ಲಿ ಪಿಎಚ್ 8. ತಪ್ಪು ಈ ಎರಡರ ಜೋಡಿಯಲ್ಲೇ ಇತ್ತು.

ಚಿಲೇಟ್ ಎಂಬ ಹೆಸರು ಬಂದದ್ದು ಏಡಿಯ ಕೊಂಡಿಗಿರುವ ಗ್ರೀಕ್ ಪದದಿಂದ. ಇಡಿಟಿಎ ಕೊಂಡಿ ಕಬ್ಬಿಣವನ್ನು ಹಿಡಿಯುವ ಬಲ ಕ್ಯಾಲ್ಸಿಯಂ ಹಿಡಿಯುವುದಕ್ಕಿಂತ 1ರ ಮುಂದೆ 14 ಸೊನ್ನೆಯಷ್ಟು ಪಟ್ಟು ಹೆಚ್ಚು. ಹಾಗಿದ್ದರೆ ಕ್ಯಾಲ್ಸಿಯಂ ಗೆದ್ದದ್ದು ಹೇಗೆ? ಸಂಖ್ಯಾಬಲದಿಂದ!

ಪಿಎಚ್ ಒಂದು ಏರಿದರೆ ಮಣ್ಣಿನ ನೀರಿನಲ್ಲಿ ಕರಗಿರುವ ಬಿಡಿ ಫೆರಿಕ್ ಕಬ್ಬಿಣ ಸಾವಿರ ಪಟ್ಟು ಇಳಿಯುತ್ತದೆ. ಉಳಿದದ್ದು ತುಕ್ಕಾಗಿ ಕೂರುತ್ತದೆ. ಲೀಟರಿಗೆ 40 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ ಅಂತ ಹಿಡಿಯಿರಿ. ಆಗ ಒಂದು ಬಿಡಿ ಕಬ್ಬಿಣಕ್ಕೆ ಎಷ್ಟು ಕ್ಯಾಲ್ಸಿಯಂ?

ಪಿಎಚ್ 6: ಸುಮಾರು 12 ಸೊನ್ನೆ. 14ಕ್ಕಿಂತ ಕಡಿಮೆ, ಕಬ್ಬಿಣ ಕೊಂಡಿಯಲ್ಲೇ ಉಳಿಯುತ್ತದೆ.
ಪಿಎಚ್ 8: ಸುಮಾರು 18 ಸೊನ್ನೆ. 14ಕ್ಕಿಂತ ಹೆಚ್ಚು, ಕೊಂಡಿ ಕ್ಯಾಲ್ಸಿಯಂ ಪಾಲು.

ಸಮಬಲ ಆಗುವುದು ಪಿಎಚ್ 6.7ರ ಆಸುಪಾಸು. ಇದು ಕೊನೆಗೆ ಮುಟ್ಟುವ ಲೆಕ್ಕ, ಒಂದೇ ದಿನದಲ್ಲಿ ಆಗುವುದಲ್ಲ. ಆದರೆ ಬೇರು ಹೀರುವ ಮೊದಲೇ ಹೆಚ್ಚಿನ ಕಬ್ಬಿಣ ತುಕ್ಕಾಗುತ್ತದೆ. ಮಲೆನಾಡು, ಕರಾವಳಿಯ ಹುಳಿ ಮಣ್ಣಿನಲ್ಲಿ ಅದೇ ಪುಡಿ ತಾಳುತ್ತದೆ.

ಇಡಿಡಿಎಚ್‌ಎ ಎಂಬ ಇನ್ನೊಂದು ಕೊಂಡಿಯಿದೆ. ಅದರಲ್ಲಿ ಕಬ್ಬಿಣದ ಮೇಲುಗೈ 25 ಸೊನ್ನೆಗೂ ಹೆಚ್ಚು; ಸುಣ್ಣದ ಮಣ್ಣಿಗೂ ಜಗ್ಗದು. ಆದರೆ ಬೆಲೆ ದುಬಾರಿ.

ನಾನು ಅಗ್ಗದ ದಾರಿ ಹಿಡಿದೆ. ಎಲೆಗೇ ಕೊಟ್ಟರೆ ಮಣ್ಣಿನ ಸುಣ್ಣದ ಕಾಟವೇ ಇಲ್ಲ. ಒಂದು ಲೀಟರ್ ನೀರಿಗೆ ಮೊದಲು 1 ಗ್ರಾಂ ಸಿಟ್ರಿಕ್ ಆಮ್ಲ, ಆಮೇಲೆ 5 ಗ್ರಾಂ ಫೆರಸ್ ಸಲ್ಫೇಟ್. ನಮ್ಮ ಬೋರಿನ ನೀರು ಗಡಸು. ಆಮ್ಲ ಹಾಕದಿದ್ದರೆ ದ್ರಾವಣ ಕ್ಯಾನಿನಲ್ಲೇ ಕೆಂಪಾಗುತ್ತದೆ. ಕಲಸಿದ ಕೂಡಲೇ, ಬಿಸಿಲು ಇಳಿದ ಮೇಲೆ ಸಿಂಪಡಿಸಬೇಕು. ವಾರದ ಅಂತರದಲ್ಲಿ ಎರಡು ಸಲ ಹೊಡೆದೆ. ಮುಂದಿನ ಸುಳಿ ಹಸಿರಾಗಿ ಬಂತು.

ಅಂಗಡಿಗೆ ಹೋಗುವ ಮುನ್ನ ನಿಮ್ಮ ಮಣ್ಣಿನ ಪಿಎಚ್ ತಿಳಿದುಕೊಳ್ಳಿ. ಪೊಟ್ಟಣದ ಮೇಲೆ 'ಚಿಲೇಟೆಡ್' ಅಂತ ಇದ್ದರಷ್ಟೇ ಸಾಲದು. ಯಾವ ಕೊಂಡಿ ಅಂತ ಕೇಳಿ.