ಕೂಸಿಗೆ ಮಡಿಲೇ ಸೀಟು! ಕಮಲಾಪುರ ರಸ್ತೆಯ ಮೇಲೆ ದಿನಾ ನಡೆಯುವ ಜೂಜು

ಕಲಬುರಗಿ: ಹೊಸ ಕಾರು ಬಂದರೆ ಸಾಕು, ಶರಣಬಸವೇಶ್ವರರ ಗುಡಿ ಮುಂದೆ ನಿಲ್ಲಿಸಿ ಪೂಜೆ ಮಾಡಿಸುವದನ್ನು ಯಾರೂ ಮರೆಯುವದಿಲ್ಲ. ನಾಲ್ಕೂ ಗಾಲಿಗೆ ನಿಂಬೆಹಣ್ಣು, ಬಂಪರಿಗೆ ಮೆಣಸಿನಕಾಯಿ, ಕನ್ನಡಿಗೆ ಕರಿದಾರ... ಎಲ್ಲವೂ ಸಾಂಗವಾಗಿ ನಡೆಯುತ್ತದೆ. ಆದರೆ ಅದೇ ಕಾರಿನಲ್ಲಿ ಆರು ತಿಂಗಳ ಕೂಸನ್ನು ಎಲ್ಲಿ ಕೂಡಿಸುತ್ತೀರಿ ಎಂದು ಕೇಳಿ ನೋಡಿ. "ಎಲ್ಲಿ ಅಂದ್ರ? ಅವ್ವನ ತೊಡಿ ಮ್ಯಾಲ!" ಎಂಬ ಉತ್ತರ ಬಾಯಿಯಲ್ಲೇ ಸಿದ್ಧವಾಗಿರುತ್ತದೆ.

ನಗರದ ಹುಮನಾಬಾದ್ ರಿಂಗ್ ರೋಡ್ ದಾಟಿ, ಮಹಾಗಾಂವ ಕ್ರಾಸ್ ಮೇಲಿಂದ ಕಮಲಾಪುರಕ್ಕೆ ಹೋಗುವ ಹೆದ್ದಾರಿಯ ಪಕ್ಕದಲ್ಲಿ ಅರ್ಧ ತಾಸು ನಿಂತವರಿಗೆ ಈ ಮಾತಿನ ಸತ್ಯ ತಿಳಿಯುತ್ತದೆ. ಮುಂದಿನ ಸೀಟಿನಲ್ಲಿ ತಾಯಿ, ತಾಯಿಯ ಮಡಿಲಲ್ಲಿ ಕೂಸು. ಹಿಂದೆ ಎರಡು ಸೀಟುಗಳ ನಡುವೆ ನಿಂತು ಮುಂದಕ್ಕೆ ಬಗ್ಗಿದ ಐದು ವರ್ಷದ ಹುಡುಗ. ಕೆಲವು ಕಾರುಗಳಲ್ಲಿ ತಂದೆಯ ತೊಡೆಯ ಮೇಲೆ ಕುಳಿತು ಸ್ಟೇರಿಂಗ್ ಹಿಡಿದ ಮಗು! "ನಮ್ಮ ಹುಡುಗ ಈಗಲೇ ಗಾಡಿ ಹೊಡಿತಾನ" ಎಂಬ ಹೆಮ್ಮೆ ಬೇರೆ.

ಕೆಂಪು ಬಾಳೆಹಣ್ಣಿಗೆ ಹೆಸರಾದ ಕಮಲಾಪುರ ಕಲಬುರಗಿಯಿಂದ ಸುಮಾರು 35 ಕಿಲೋಮೀಟರು. ಲಾರಿ, ಟೆಂಪೊ, ರಾತ್ರಿ ಬಸ್ಸುಗಳ ದಾರಿ ಇದು. 2022ರ ಜೂನ್ 3ರ ಬೆಳಗ್ಗೆ ಗೋವಾದಿಂದ ಹೈದರಾಬಾದಿಗೆ ಹೊರಟ ಖಾಸಗಿ ಬಸ್ಸೊಂದು ಕಮಲಾಪುರದ ಹತ್ತಿರ ಟೆಂಪೊಕ್ಕೆ ಬಡಿದು, ಉರುಳಿ ಬೆಂಕಿ ಹತ್ತಿದ್ದನ್ನು ಈ ಭಾಗದ ಜನ ಮರೆತಿಲ್ಲ. ಸತ್ತವರಲ್ಲಿ ಮಕ್ಕಳೂ ಇದ್ದರು. ಆ ಬೆಂಕಿಗೆ ಯಾವ ಸೀಟೂ ಮದ್ದಲ್ಲ, ನಿಜ. ಆದರೆ ಕಾರಿನೊಳಗೆ ಆಗುವ ಬಹಳಷ್ಟು ಸಾವುಗಳಿಗೆ ಮದ್ದು ಇದೆ ಎಂಬುದು ಅಷ್ಟೇ ನಿಜ.

ಮೂರು ಕ್ವಿಂಟಲ್ ಹಿಡಿಯುವವರು ಯಾರು?

"ಗಟ್ಟಿ ಹಿಡ್ಕೊಂಡಿರ್ತೀವಲ್ಲ, ಏನಾಗ್ತದ?" ಎಂಬುದು ಎಲ್ಲರ ವಾದ. ಏನಾಗುತ್ತದೆ ಎಂಬ ಲೆಕ್ಕ ಸರಳವಾಗಿದೆ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿರುವ ಕಾರು ಲಾರಿಗೆ ಬಡಿದರೆ ಕಾರು ನಿಲ್ಲುತ್ತದೆ, ಒಳಗಿನ ಕೂಸು ನಿಲ್ಲುವದಿಲ್ಲ. ಅದು ಅದೇ 50ರ ವೇಗದಲ್ಲಿ ಮುಂದಕ್ಕೆ ಹಾರುತ್ತದೆ. ಆ ಕ್ಷಣದಲ್ಲಿ 10 ಕಿಲೋ ತೂಕದ ಕೂಸನ್ನು ಹಿಡಿದಿಡಲು ಮೂರು ಕ್ವಿಂಟಲಿನ ಹತ್ತಿರದ ಬಲ ಬೇಕು. ಮೂರು ಕ್ವಿಂಟಲ್ ತೊಗರಿಯನ್ನು ಬರಿಗೈಯಲ್ಲಿ ಹಿಡಿದು ನಿಲ್ಲುವ ಹಮಾಲಿ ಕಲಬುರಗಿಯ ಗಂಜಿನಲ್ಲೇ ಇಲ್ಲ. ಬಾಣಂತಿಯ ಕೈಗೆ ಅದು ಸಾಧ್ಯವೆ? 50ರ ವೇಗದ ಆ ಪೆಟ್ಟು ಮೂರನೇ ಅಂತಸ್ತಿನ ಮಾಳಿಗೆಯಿಂದ ಬಿದ್ದ ಪೆಟ್ಟಿಗೆ ಸಮ.

ತಾಯಿ ಬೆಲ್ಟ್ ಹಾಕದಿದ್ದರೆ ತಾಯಿಯ ಪೂರ್ತಿ ಭಾರ ಕೂಸಿನ ಮೇಲೆ ಬೀಳುತ್ತದೆ. ಒಂದೇ ಬೆಲ್ಟಿನಲ್ಲಿ ತಾಯಿ-ಮಗು ಇಬ್ಬರನ್ನೂ ಸುತ್ತಿದರೆ ಅದು ಇನ್ನೂ ಕೇಡು. ಬೆಲ್ಟೇ ಕೂಸಿನ ಹೊಟ್ಟೆಗೆ ನಾಟುತ್ತದೆ. ಮುಂದೆ ಏರ್‌ಬ್ಯಾಗ್ ಇದ್ದರಂತೂ ಮಡಿಲ ಕೂಸಿಗೆ ಅದು ಗುಂಡಿನ ಹೊಡೆತವೇ ಸರಿ.

ಹಿಂದಿನ ಸೀಟು ಸುರಕ್ಷಿತ ಎಂಬ ಭ್ರಮೆಯೂ ಬೇಡ. 2022ರ ಸೆಪ್ಟೆಂಬರ್ 4ರಂದು ಪಾಲ್ಘರ ಬಳಿ ಉದ್ಯಮಿ ಸೈರಸ್ ಮಿಸ್ತ್ರಿ ಅವರು ತೀರಿಕೊಂಡಾಗ ಅವರು ಕುಳಿತದ್ದು ಬೆಲೆಬಾಳುವ ಕಾರಿನ ಹಿಂದಿನ ಸೀಟಿನಲ್ಲಿ, ಬೆಲ್ಟ್ ಇಲ್ಲದೆ. ಆ ಒಂದೇ ವರ್ಷ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅದರಲ್ಲಿ 16,715 ಜನ ಬೆಲ್ಟ್ ಹಾಕಿರಲಿಲ್ಲ ಎಂದು ಕೇಂದ್ರ ಸಾರಿಗೆ ಇಲಾಖೆಯ ಲೆಕ್ಕವೇ ಹೇಳುತ್ತದೆ.

ಕಾಯಿದೆ ಉಂಟು, ಕಾಣುವದಿಲ್ಲ

ಬಹಳ ಜನರಿಗೆ ಗೊತ್ತಿಲ್ಲದ ಸಂಗತಿಯೆಂದರೆ ಇದಕ್ಕೆ ಕಾಯಿದೆಯೇ ಇದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ 194-ಬಿ ಕಲಮಿನ ಪ್ರಕಾರ, 14 ವರ್ಷ ತುಂಬದ ಮಗುವನ್ನು ಬೆಲ್ಟ್ ಅಥವಾ ಮಕ್ಕಳ ಸುರಕ್ಷಾ ಸೀಟಿನಿಂದ ಬಿಗಿಯದೆ ವಾಹನ ಓಡಿಸಿದರೆ ಒಂದು ಸಾವಿರ ರೂಪಾಯಿ ದಂಡ. ಬೈಕಿನ ಮೇಲೆ ಹೋಗುವ 9 ತಿಂಗಳಿಂದ 4 ವರ್ಷದ ಮಕ್ಕಳಿಗೂ ಹೆಲ್ಮೆಟ್, ಸವಾರನಿಗೆ ಬಿಗಿಯುವ ಪಟ್ಟಿ, 40 ಕಿಲೋಮೀಟರಿನ ವೇಗಮಿತಿ ಎಂಬ ನಿಯಮ 2023ರ ಫೆಬ್ರುವರಿಯಿಂದ ಜಾರಿಯಲ್ಲಿದೆ. ಜಗತ್ ವೃತ್ತದಲ್ಲಿ ಆಗಲಿ, ಕಮಲಾಪುರದ ಬಸ್ ನಿಲ್ದಾಣದ ಮುಂದೆ ಆಗಲಿ, ಈ ನಿಯಮ ಎಷ್ಟು ಜನರಿಗೆ ಗೊತ್ತು ಎಂದು ಕೇಳಿದರೆ ತಲೆ ತುರಿಸುವವರೇ ಹೆಚ್ಚು.

ಈ ಸೀಟು ನಿನ್ನೆ-ಮೊನ್ನೆಯ ಫ್ಯಾಶನ್ನೂ ಅಲ್ಲ. 1960ರ ದಶಕದಲ್ಲಿ ಸ್ವೀಡನ್ನಿನ ಬೆರ್ಟಿಲ್ ಆಲ್ಡ್‌ಮನ್ ಎಂಬ ವೈದ್ಯರು, ಬಾಹ್ಯಾಕಾಶ ಯಾತ್ರಿಗಳು ಬೆನ್ನಿನ ಮೇಲೆ ಭಾರ ತಾಳುವ ರೀತಿ ನೋಡಿ, ಹಿಂದಕ್ಕೆ ಮುಖ ಮಾಡಿದ ಮಕ್ಕಳ ಸೀಟನ್ನು ರೂಪಿಸಿದರು. ಅಮೆರಿಕದ ಟೆನೆಸಿ ರಾಜ್ಯ 1978ರಲ್ಲೇ ಇದನ್ನು ಕಡ್ಡಾಯ ಮಾಡಿತು. ಸರಿಯಾಗಿ ಬಳಸಿದರೆ ಹಸುಗೂಸುಗಳ ಸಾವು ಸುಮಾರು ನೂರಕ್ಕೆ 70ರಷ್ಟು ಇಳಿಯುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಕೂಡಿಸುವದು ಹೇಗೆ?

ಕೂಸಿನ ತಲೆ ದೊಡ್ಡದು, ಕುತ್ತಿಗೆ ಎಳೆಯದು. ಮುಂದಕ್ಕೆ ಮುಖ ಮಾಡಿ ಕೂಡಿಸಿದರೆ ಗುದ್ದಿನಲ್ಲಿ ತಲೆಯ ಜಗ್ಗು ಪೂರ್ತಿ ಕುತ್ತಿಗೆಗೆ ಬರುತ್ತದೆ. ಹಿಂದಕ್ಕೆ ಮುಖವಿದ್ದರೆ ಬೆನ್ನು, ತಲೆ, ಕುತ್ತಿಗೆ ಒಟ್ಟಿಗೆ ಸೀಟಿಗೆ ಒತ್ತಿಕೊಳ್ಳುತ್ತವೆ. ಕನಿಷ್ಠ 15 ತಿಂಗಳವರೆಗೆ ಹಿಂಮುಖ ಎಂಬುದು ಯುರೋಪಿನ ಈಗಿನ ನಿಯಮ. ಸೀಟಿನ ಅಳತೆ ಒಪ್ಪುವವರೆಗೆ ಇನ್ನೂ ಮುಂದುವರಿಸಿದರೆ ಒಳ್ಳೆಯದೇ. "ಕಾಲು ಮಡಚಬೇಕಾಗ್ತದ" ಎಂಬ ಚಿಂತೆ ಬೇಡ. ಕಾಲು ಮಡಚಿದರೆ ಮಗುವಿಗೆ ತ್ರಾಸಿಲ್ಲ.

ಸೀಟನ್ನು ಹಿಂದಿನ ಆಸನದಲ್ಲೇ ಕಟ್ಟಬೇಕು. ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಆಸನದಲ್ಲಿ ಹಿಂಮುಖ ಸೀಟು ಸರ್ವಥಾ ಕೂಡದು. ಕಾರಿನ ಬೆಲ್ಟಿನಿಂದ ಕಟ್ಟುವದಾದರೆ ಸೀಟಿನ ಮೇಲೆ ಗುರುತು ಮಾಡಿದ ದಾರಿಯಲ್ಲೇ ಬೆಲ್ಟ್ ಹಾಯಿಸಬೇಕು. ಮೊಣಕಾಲಿನಿಂದ ಸೀಟನ್ನು ಒತ್ತಿ ಬೆಲ್ಟ್ ಜಗ್ಗಬೇಕು. ಬೆಲ್ಟ್ ಹಾಯ್ದ ಜಾಗದಲ್ಲಿ ಹಿಡಿದು ಅಲುಗಿಸಿದರೆ ಒಂದು ಇಂಚಿಗಿಂತ ಹೆಚ್ಚು ಸರಿಯಬಾರದು.

ಈಚಿನ ಬಹಳ ಕಾರುಗಳಲ್ಲಿ ಐಸೋಫಿಕ್ಸ್ ಎಂಬ ಕೊಂಡಿ ಇದೆ. ಹಿಂದಿನ ಆಸನದ ಬೆನ್ನು ಮತ್ತು ಗಾದಿ ಸೇರುವ ಸಂದಿಯಲ್ಲಿ ಕೈ ಹಾಕಿದರೆ ಎರಡು ಕಬ್ಬಿಣದ ಸರಳು ಸಿಗುತ್ತವೆ. ಸೀಟಿನ ಎರಡು ಕೈಗಳನ್ನು ಅಲ್ಲಿ ಒತ್ತಿದರೆ 'ಟಕ್' ಎಂದು ಕೂಡುತ್ತದೆ, ಹಸಿರು ಗುರುತು ಕಾಣುತ್ತದೆ. ಅಷ್ಟಕ್ಕೇ ಮುಗಿಯಲಿಲ್ಲ, ಮೇಲಿನ ಪಟ್ಟಿಯನ್ನು ಆಸನದ ಹಿಂದಿನ ಕೊಂಡಿಗೆ ಹಾಕಬೇಕು, ಇಲ್ಲವೆ ಸೀಟಿನ ಮುಂಗಾಲನ್ನು ಕಾರಿನ ನೆಲಕ್ಕೆ ಊರಬೇಕು. ಇದನ್ನು ಬಿಡುವವರೇ ಜಾಸ್ತಿ.

ಕೂಸಿನ ಹೆಗಲ ಪಟ್ಟಿ ಸಡಿಲ ಬಿಡಬಾರದು. ಬಿಗಿದ ಮೇಲೆ ಪಟ್ಟಿಯನ್ನು ಬೆರಳಲ್ಲಿ ಚಿವುಟಿದರೆ ಮಡಿಕೆ ಸಿಗಬಾರದು. ಡಿಸೆಂಬರಿನ ಥಂಡಿಗೆ ದಪ್ಪ ಸ್ವೆಟರ್ ಹಾಕಿ ಪಟ್ಟಿ ಬಿಗಿದರೆ ಗುದ್ದಿನಲ್ಲಿ ಆ ಉಣ್ಣೆ ಕುಗ್ಗಿ ಪಟ್ಟಿ ಸಡಿಲಾಗುತ್ತದೆ. ಮೊದಲು ಪಟ್ಟಿ, ಅದರ ಮೇಲೆ ಹೊದಿಕೆ. ಬಾಣಂತಿ ಕೂಸಿನ ಸೀಟು ಸಾಕಷ್ಟು ಹಿಂದಕ್ಕೆ ವಾಲಿರಲಿ. ಗದ್ದ ಎದೆಗೆ ಒತ್ತಿದರೆ ಉಸಿರು ಕಟ್ಟುತ್ತದೆ.

ದೊಡ್ಡ ಮಕ್ಕಳಿಗೆ ಎತ್ತರದ ಬೂಸ್ಟರ್ ಗಾದಿ ಬೇಕು. ಬೆಲ್ಟಿನ ಕೆಳಪಟ್ಟಿ ಹೊಟ್ಟೆಯ ಮೇಲಲ್ಲ, ತೊಡೆಯ ಬುಡದಲ್ಲಿ ಕೂಡಬೇಕು. ಮೇಲಿನ ಪಟ್ಟಿ ಕುತ್ತಿಗೆಗಲ್ಲ, ಹೆಗಲಿಗೆ. ಮಗು ನಾಲ್ಕೂಮುಕ್ಕಾಲು ಅಡಿ ಆಗುವವರೆಗೆ ಇದು ಬೇಕಾಗುತ್ತದೆ.

ಕಲಬುರಗಿಯ ಬಿಸಿಲಿಗೆ ಇನ್ನೊಂದು ಎಚ್ಚರಿಕೆ. ಏಪ್ರಿಲ್-ಮೇ ತಿಂಗಳಲ್ಲಿ ನಿಂತ ಕಾರಿನ ಬಕಲು ಕಾದ ಹಂಚಿನಂತಾಗಿರುತ್ತದೆ, ಮುಟ್ಟಿ ನೋಡಿಯೇ ಕೂಡಿಸಬೇಕು. "ಸೂಪರ್ ಮಾರ್ಕೆಟಿನ್ಯಾಗ ಐದು ನಿಮಿಷದ ಕೆಲಸ" ಎಂದು ಕೂಸನ್ನು ಕಾರಿನಲ್ಲಿ ಬಿಟ್ಟು ಇಳಿಯಲೇಬಾರದು. ಮುಚ್ಚಿದ ಕಾರಿನ ಒಳಗೆ ಹತ್ತು ನಿಮಿಷದಲ್ಲಿ ಹತ್ತು ಡಿಗ್ರಿ ಏರುತ್ತದೆ.

ದುಡ್ಡಿನ ಮಾತು

ಸೀಟಿನ ಬೆಲೆ ಕೆಲವು ಸಾವಿರ ರೂಪಾಯಿ. ಬಾಡಿಗೆ ಗಾಡಿಯಲ್ಲಿ, ಟಂಟಂನಲ್ಲಿ ಹೆರಿಗೆ ಮುಗಿಸಿ ಊರಿಗೆ ಮರಳುವ ಬಡವರಿಗೆ ಇದು ದೂರದ ಮಾತು, ಅವರನ್ನು ದೂರಿ ಫಲವಿಲ್ಲ. ಆದರೆ ಹತ್ತು ಲಕ್ಷದ ಕಾರಿಗೆ ಹಾಡಿನ ಪೆಟ್ಟಿಗೆ, ಸೀಟ್ ಕವರು, ಬಣ್ಣದ ದೀಪ ಎಂದು ಮೂವತ್ತು ಸಾವಿರ ಸುರಿಯುವವರಿಗೆ ಇದು ಭಾರವೆ? ಕೊಳ್ಳುವಾಗ ವೃತ್ತದೊಳಗಿನ 'ಇ' ಮುದ್ರೆ ನೋಡಿಕೊಳ್ಳಬೇಕು. ಅಪಘಾತಕ್ಕೆ ಸಿಕ್ಕ ಹಳೆಯ ಸೀಟನ್ನು ಪುಕ್ಕಟೆ ಕೊಟ್ಟರೂ ಒಲ್ಲೆ ಎನ್ನಬೇಕು.

ಕಾರು ಮಾರುವವರು ಕೀಲಿ ಕೊಡುವಾಗ ಹಾರ ಹಾಕಿ ಫೋಟೊ ತೆಗೆಯುತ್ತಾರೆ. ಐಸೋಫಿಕ್ಸ್ ಕೊಂಡಿ ಎಲ್ಲಿದೆ ಎಂದು ಐದು ನಿಮಿಷ ತೋರಿಸಲಿ. ಹೆರಿಗೆ ಆಸ್ಪತ್ರೆಗಳು ಲಸಿಕೆಯ ಚೀಟಿಯ ಜೊತೆಗೆ ಈ ನಾಲ್ಕು ಮಾತನ್ನೂ ಹೇಳಲಿ. ಆರ್‌ಟಿಓ ಹಾಗೂ ಪೊಲೀಸರು ದಂಡಕ್ಕಿಂತ ಮೊದಲು ತಿಳುವಳಿಕೆ ಕೊಡಲಿ, ಆಮೇಲೆ ದಂಡವೂ ಇರಲಿ. ಸಂಬಂಧಪಟ್ಟವರು ಇತ್ತ ಗಮನ ಹರಿಸುವರೆ?

ಅವರು ಹರಿಸಲಿ ಬಿಡಲಿ, ಕೂಸಿನ ಪಟ್ಟಿ ಬಿಗಿಯುವ ಕೈ ಮಾತ್ರ ತಂದೆ-ತಾಯಿಯದು. ಹಠ ಮಾಡಿ ಅತ್ತರೆ ಅಳಲಿ. ಕಮಲಾಪುರ ಬರುವಷ್ಟರಲ್ಲಿ ಮಲಗಿರುತ್ತದೆ.